ಬಾಲ ಮತ್ತು ಬಾಣಲೆ

ನಾನು ಬಾಯಿಗೇ ಇಡದ ತಿಂಡಿಗೆ 40 ನಿಮಿಷ ಕ್ಯೂ ನಿಂತವನು. ಒಂದು ಸಲ ಅಲ್ಲ, ಎರಡು ತಿಂಗಳಲ್ಲಿ ಐದಾರು ಸಲ. ಶಿವಮೊಗ್ಗಕ್ಕೆ ವಾಪಸು ಬಂದು ಇದನ್ನು ಹೇಳಿದರೆ ಎಲ್ಲರೂ ಮರುಗಿದರು. "ಪಾಪ, ಮಗಳ ಮನೆ ಅಂತ ಹೋದ್ರೆ ಇಂಥಾ ಕೆಲಸ ಮಾಡಿಸಿದ್ರಾ?" ಯಾರೂ ಮಾಡಿಸಲಿಲ್ಲ. ನಾನೇ ಆಸೆಪಟ್ಟು ನಿಂತೆ.

ಮಗಳು ಇರುವುದು ಸಿಂಗಪುರದಲ್ಲಿ. ಅಳಿಯ ಮಂಗಳೂರಿನ ಕಡೆಯವನು. ಅವನಿಗೆ ಮೀನು, ಮಾಂಸ ಎಲ್ಲ ಆಗುತ್ತದೆ. ನಮ್ಮಿಬ್ಬರಿಗೆ ಆಗುವುದಿಲ್ಲ ಅಂತ ನಾವಿದ್ದಷ್ಟು ದಿನ ಅವನು ಮನೆಯೊಳಗೆ ಒಂದು ಮೊಟ್ಟೆಯನ್ನೂ ತರಲಿಲ್ಲ. ಹುಡುಗ ಬಾಡಿ ಹೋಗುತ್ತಾನೆ ಅಂತ ನನಗೇ ಕಸಿವಿಸಿ. ಕೊನೆಗೆ ಭಾನುವಾರ ಮಧ್ಯಾಹ್ನ ಎಲ್ಲರೂ ಹಾಕರ್ ಸೆಂಟರಿಗೆ ಹೋಗುವುದು ಅಂತ ಮಗಳೇ ತೀರ್ಮಾನ ಮಾಡಿದಳು. ಅಲ್ಲಾದರೆ ಅವರವರ ಹೊಟ್ಟೆಗೆ ಅವರವರ ಅಂಗಡಿ.

ಹಾಕರ್ ಸೆಂಟರ್ ಅಂದರೆ ಹೋಟೆಲ್ ಅಲ್ಲ. ಸಂತೆಯೂ ಅಲ್ಲ. ಮೇಲೆ ದೊಡ್ಡ ಸೂರು, ಸುತ್ತ ಗೋಡೆ ಇಲ್ಲ, ಗರಗರ ತಿರುಗುವ ಫ್ಯಾನುಗಳು. ನೆಲಕ್ಕೆ ಬಿಗಿದ ಮೇಜು, ಸ್ಟೂಲು. ಅದರ ಸುತ್ತ ಸಾಲಾಗಿ ಪುಟ್ಟ ಪುಟ್ಟ ಅಂಗಡಿ. ಒಂದೊಂದೂ ನಮ್ಮ ಹಳೇ ಎಸ್‌ಟಿಡಿ ಬೂತನ್ನು ಸ್ವಲ್ಪ ಹಿಗ್ಗಿಸಿದಷ್ಟು. ಚೈನಾಟೌನಿನ ಒಂದರಲ್ಲೇ ಇಂಥವು ಇನ್ನೂರಕ್ಕೂ ಜಾಸ್ತಿ. ಬಹಳ ಅಂಗಡಿಗಳಲ್ಲಿ ಒಂದು ಅಥವಾ ಎರಡೇ ಬಗೆಯ ತಿಂಡಿ. ಒಬ್ಬರು ಅನ್ನ-ಕೋಳಿ ಮಾಡಿದರೆ ಜೀವನವಿಡೀ ಅನ್ನ-ಕೋಳಿ. ನಮ್ಮ ದರ್ಶಿನಿಯ ಹಾಗೆ ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿವರೆಗೆ ಒಂದೇ ಬೋರ್ಡಿನಲ್ಲಿ ಬರೆದುಕೊಳ್ಳುವುದಿಲ್ಲ.

ಇವರೆಲ್ಲ ಒಂದು ಕಾಲಕ್ಕೆ ಬೀದಿ ಬದಿ ಗಾಡಿಯವರು. 1968-69ರಲ್ಲಿ ಸರ್ಕಾರ ಅವರನ್ನೆಲ್ಲ ಲೆಕ್ಕ ಹಾಕಿ ಹೆಸರು ಬರೆದುಕೊಂಡಿತು. 1971ರಿಂದ 1986ರವರೆಗೆ ನಲ್ಲಿ, ಚರಂಡಿ, ಸೂರು ಇರುವ ಜಾಗ ಕಟ್ಟಿಸಿ ಒಬ್ಬೊಬ್ಬರನ್ನೇ ಒಳಗೆ ಕೂರಿಸಿತು. ನಮ್ಮಲ್ಲಿ ಎತ್ತಂಗಡಿ ಅಂದರೆ ಎತ್ತುವುದಷ್ಟೇ. ಅಲ್ಲಿ ಎತ್ತಿ ಅಂಗಡಿಯನ್ನೂ ಕೊಟ್ಟರು. ಈಗ ಇಂಥ ಸೆಂಟರುಗಳು 110ಕ್ಕೂ ಹೆಚ್ಚು. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಕೂಡ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯೋಗ, ಕುಂಭಮೇಳ ಇರುವ ಪಟ್ಟಿಯೇ ಅದು. ಇದನ್ನು ಕೇಳಿ ನಮ್ಮನೆಯವಳು, "ಊಟಕ್ಕೆ ನಿಲ್ಲೋದೂ ಒಂಥರಾ ಯೋಗವೇ ಬಿಡಿ" ಅಂದಳು.

ನನ್ನದೂ ಒಂದು ಪೂರ್ವಾಶ್ರಮ ಇದೆ, ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. 31 ವರ್ಷ ಕ್ಯೂ ನೋಡಿದ್ದೇನೆ. ಆದರೆ ಎದುರಿನಿಂದ. ನಿಂತವರಿಗೆ ಕ್ಯೂ ಅಂದರೆ ಮುಂದಿನವನ ಬೆನ್ನು. ನನಗೆ ಅದು ಒಂದಾದ ಮೇಲೊಂದು ಮುಖ. ಹಿತ್ತಾಳೆ ಟೋಕನ್ನಿನ ಕಾಲದಿಂದ ಕಂಪ್ಯೂಟರ್ ಬಂದ ಕಾಲದವರೆಗೂ ಒಂದು ಜಾತಿಯ ಗಿರಾಕಿ ಮಾತ್ರ ಬದಲಾಗಲೇ ಇಲ್ಲ. ಅರ್ಧ ಗಂಟೆ ನಿಂತಿರುತ್ತಾನೆ. ಕಿಟಕಿಯ ಹತ್ತಿರ ಬಂದ ಮೇಲೆ ಜೇಬು ತಡಕುತ್ತಾನೆ. ಖಾತೆ ನಂಬರ್ ಮರೆತಿರುತ್ತಾನೆ. ಆಗ ನಾನು ಕೌಂಟರಿನ ಮೇಲೆ ಪೆನ್ನನ್ನು ಎರಡು ಸಲ ಕುಟ್ಟುತ್ತಿದ್ದೆ. "ಚಲನ್ ತುಂಬಿಸ್ಕೊಂಡು ಬರಬಾರದೇನ್ರೀ? ಹಿಂದೆ ಎಷ್ಟು ಜನ ಇದಾರೆ ನೋಡಿ." ಈ ಮಾತನ್ನು ನಾನು ಎಷ್ಟು ಸಾವಿರ ಸಲ ಆಡಿದ್ದೇನೋ.

ಇಂಥವನು ಮೊದಲ ಭಾನುವಾರವೇ ಮಾನ ಕಳೆದುಕೊಂಡೆ. ಜನ ಗಿಜಿಗಿಜಿ. ಒಂದೇ ಒಂದು ಮೇಜು ಖಾಲಿ ಕಂಡಿತು. ಓಡಿ ಹೋಗಿ ಕೂತೆ. ಮೇಜಿನ ಮೇಲೆ ಪೇಪರ್ ಟಿಶ್ಯೂವಿನ ಸಣ್ಣ ಪ್ಯಾಕೆಟ್ಟು. ಅಂಗಡಿಯವರೇ ಇಟ್ಟಿರಬೇಕು, ಎಷ್ಟು ಅಚ್ಚುಕಟ್ಟು ಅಂದುಕೊಂಡು ಒಂದು ಹಾಳೆ ಎಳೆದು ಕನ್ನಡಕ ಒರೆಸಿಕೊಂಡೆ. ಇನ್ನೊಂದು ಎಳೆದು ಕತ್ತಿನ ಬೆವರು. ಅಷ್ಟರಲ್ಲಿ ಟ್ರೇ ಹಿಡಿದ ಗಂಡ ಹೆಂಡತಿ ಬಂದು ನಿಂತರು. ಏನೂ ಅನ್ನಲಿಲ್ಲ. ಪ್ಯಾಕೆಟ್ಟನ್ನು ನೋಡಿದರು, ನನ್ನ ಕತ್ತನ್ನು ನೋಡಿದರು. ಒಂಬತ್ತು ವರ್ಷದ ಮೊಮ್ಮಗಳು ಓಡಿ ಬಂದು ಕೈ ಹಿಡಿದು ಎಳೆದಳು. "ಅಜ್ಜ, ಅವರು ಛೋಪ್ ಮಾಡಿದಾರೆ ಲಾ!"

ಛೋಪ್ ಅಂದರೆ ಜಾಗ ಹಿಡಿಯುವುದು. ಟಿಶ್ಯೂ ಪ್ಯಾಕೆಟ್ಟೋ, ಕೊಡೆಯೋ, ಕತ್ತಿನ ಐಡಿ ಕಾರ್ಡೋ ಇಟ್ಟರೆ ಆ ಮೇಜು ಅವರದು. ಇಟ್ಟವರು ಆಮೇಲೆ ಆರಾಮಾಗಿ ಕ್ಯೂ ನಿಲ್ಲಬಹುದು. ಯಾರೂ ಮುಟ್ಟುವುದಿಲ್ಲ. ಯಾವ ಕಾನೂನಿನಲ್ಲೂ ಇದು ಇಲ್ಲ, ಆದರೂ ನಡೆಯುತ್ತದೆ. ನನಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಸಾಗರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಬೆಳೆದವನು ನಾನು. ಆದರೆ ನಮ್ಮ ಟವೆಲಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿಲ್ಲ. ನಮ್ಮಲ್ಲಿ ಟವೆಲ್ ಹಾಕಿದ ಮೇಲೆ ಜಗಳ ಶುರು. ಅಲ್ಲಿ ಟಿಶ್ಯೂ ಇಟ್ಟ ಮೇಲೆ ಮಾತೇ ಮುಗಿಯಿತು.

ಅವತ್ತಿನಿಂದ ಮನೆಯಲ್ಲಿ ಕೆಲಸ ಹಂಚಿಕೆಯಾಯಿತು. ನಮ್ಮನೆಯವಳು ಮತ್ತು ಮಗಳು ಮೇಜು ಕಾಯುವುದು. ಮೊಮ್ಮಗಳು ಓಡಾಟ. ಅಳಿಯ ಒಂದು ಕ್ಯೂ, ಅವನ ಪರವಾಗಿ ನಾನು ಇನ್ನೊಂದು ಕ್ಯೂ. ನನ್ನ ಮುಂದೆ ಮೂರು ಜನ ಉಳಿದಾಗ ಅವನಿಗೆ ಫೋನ್ ಮಾಡುವುದು, ಅವನು ಬಂದು ಜಾಗ ತೆಗೆದುಕೊಳ್ಳುವುದು. ಒಂಥರಾ ಬದಲಿ ಆಟಗಾರ.

ಹೀಗೆ ನಿಂತ ಮೊದಲ ಕ್ಯೂ ಮ್ಯಾಕ್ಸ್‌ವೆಲ್ ಫುಡ್ ಸೆಂಟರಿನ ಅನ್ನ-ಕೋಳಿಯದು. ಆ ಊರಿನವರು ಚಿಕನ್ ರೈಸ್ ಅನ್ನುತ್ತಾರೆ. ಹೈನಾನ್ ದ್ವೀಪದಿಂದ ಬಂದ ಚೀನೀಯರು ತಂದ ಅಡುಗೆ. ಬೇಯಿಸಿದ ಕೋಳಿ, ಅದೇ ಸಾರಿನಲ್ಲಿ ಮಾಡಿದ ಅನ್ನ, ಪಕ್ಕದಲ್ಲಿ ಮೆಣಸಿನಕಾಯಿ ಚಟ್ನಿ. ಟಿವಿಯ ದೊಡ್ಡ ದೊಡ್ಡ ಬಾಣಸಿಗರು ಬಂದು ಹೊಗಳಿ ಹೋದ ಮೇಲೆ ಒಂದು ಅಂಗಡಿಯ ಮುಂದೆ ಹನುಮಂತನ ಬಾಲ. ಗಾಜಿನ ಹಿಂದೆ ಕೊಕ್ಕೆಗೆ ನೇತು ಹಾಕಿದ ಕೋಳಿಗಳು ನನ್ನನ್ನೇ ನೋಡುತ್ತಿದ್ದವು. ನಾನು ಮೊಬೈಲ್ ನೋಡಿದೆ. ಹಿಂದೆ ನಿಂತ ಅಜ್ಜಿಯೊಬ್ಬರು ಮಾತಿಗೆ ಎಳೆದರು. "ಅಂಕಲ್, ತೊಡೆ ತಗೊಳ್ತೀಯಾ, ಎದೆ ತಗೊಳ್ತೀಯಾ?" ಶಿವಮೊಗ್ಗದ ಮಾಧ್ವರ ಮನೆಯಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ 66ನೇ ವಯಸ್ಸಿನಲ್ಲಿ ಎದುರಾಯಿತು. ಅಳಿಯ ಬರ್ತಾನೆ ಅಂದೆ. ಅವರು ಬಹಳ ಹೊತ್ತು ನಕ್ಕರು.

ಅಂಕಲ್ ಅಂದರಲ್ಲ, ಅದೂ ಒಂದು ತಮಾಷೆ. ಅಲ್ಲಿ ಅಂಗಡಿಯವರನ್ನು ಗಿರಾಕಿಗಳು ಅಂಕಲ್, ಆಂಟಿ ಅನ್ನುತ್ತಾರೆ. ಅಂಗಡಿಯವರೂ ವಾಪಸು ಅಂಕಲ್ ಅನ್ನುತ್ತಾರೆ. ನಾನೂ ಒಬ್ಬ ಅಂಕಲ್, ಅವರೂ ಒಬ್ಬ ಅಂಕಲ್. ನಮ್ಮಿಬ್ಬರ ನಡುವೆ ಅಣ್ಣನ ಮಗ ಯಾರು ಅಂತ ಕೊನೆಗೂ ತಿಳಿಯಲಿಲ್ಲ.

ನನಗೆ ಬೇಕಾದದ್ದು ಸಿಗುತ್ತಿದ್ದುದು ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ. ದೋಸೆ, ಅಪ್ಪಂ, ವಡೆ. ದೋಸೆಗೆ ಅಲ್ಲಿ ತೋಸೈ ಅಂತ ಹೆಸರು. ಪಕ್ಕದ ಬಿರಿಯಾನಿಗೆ ಇಪ್ಪತ್ತು ಜನ. ನನ್ನ ದೋಸೆಗೆ ಮುಂದೆ ಒಬ್ಬ, ಹಿಂದೆ ಸೊನ್ನೆ. ಎರಡು ನಿಮಿಷಕ್ಕೆ ತಟ್ಟೆ ಕೈಯಲ್ಲಿ. ಸಂತೋಷಪಡಬೇಕಲ್ವಾ? ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಅವಮಾನವಾಯಿತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಹೆಸರು ಬರೆಸಿ ಕಾದ ಜನ ನಾವು. ಕಾಯದೆ ತಿಂದ ದೋಸೆ ಯಾಕೋ ಸಪ್ಪೆ.

ಅದೇ ಚಪಲಕ್ಕೆ ಒಂದು ದಿನ ನನ್ನದೇ ಆದ ಕ್ಯೂ ಹುಡುಕಿಕೊಂಡೆ. ಮನೆ ಹತ್ತಿರದ ಸೆಂಟರಿನಲ್ಲಿ ಒಂದು ಬೋರ್ಡು: ಕ್ಯಾರೆಟ್ ಕೇಕ್. ಮುಂದೆ ಹದಿನೈದು ಜನ. ಕ್ಯಾರೆಟ್ಟು ತರಕಾರಿ, ಕೇಕು ಸಿಹಿ. ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಕೊಂಡರೆ ಆಯಿತು. ಯಾರಿಗೂ ಹೇಳದೆ ಸುಮ್ನೆ ಹೋಗಿ ನಿಂತೆ. ಒಳಗಿನಿಂದ ಬರುತ್ತಿದ್ದ ವಾಸನೆ ಕೇಕಿನದಲ್ಲ ಅಂತ ಮೂಗು ಹೇಳುತ್ತಲೇ ಇತ್ತು. ಹತ್ತಿರ ಹೋದರೆ ಆಂಟಿ ದೊಡ್ಡ ಕಾವಲಿಯ ಮೇಲೆ ಬಿಳೀ ತುಂಡುಗಳನ್ನು ಸಟ್ಟುಗದಲ್ಲಿ ಕೊಚ್ಚಿ ಕೊಚ್ಚಿ ಹುರಿಯುತ್ತಿದ್ದಾರೆ. ಮೇಲಿಂದ ಬಳಬಳ ಮೊಟ್ಟೆ ಸುರಿದರು. "ಬ್ಲ್ಯಾಕ್? ವೈಟ್?" ಅಂದರು. ನನಗೆ ತಿಳಿದ ಹಾಗೆ ಕ್ಯಾರೆಟ್ಟಿಗೆ ಮೂರನೆಯದೊಂದು ಬಣ್ಣ ಇತ್ತು.

ಅದರಲ್ಲಿ ಕ್ಯಾರೆಟ್ಟೂ ಇಲ್ಲ, ಅದು ಕೇಕೂ ಅಲ್ಲ. ಅಕ್ಕಿ ಹಿಟ್ಟು ಮತ್ತು ಮೂಲಂಗಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ಹುರಿಯುತ್ತಾರೆ. ಕಪ್ಪು ಸಿಹಿ ಸಾಸ್ ಹಾಕಿದರೆ ಬ್ಲ್ಯಾಕ್, ಇಲ್ಲದಿದ್ದರೆ ವೈಟ್. ಅಲ್ಲಿನ ಚೀನೀಯರಾಡುವ ಹೊಕ್ಕಿಯೆನ್ ಭಾಷೆಯಲ್ಲಿ ಮೂಲಂಗಿಗೆ ಚಾಯ್ ತಾವ್. ಕ್ಯಾರೆಟ್ಟಿಗೆ ಕೆಂಪು ಚಾಯ್ ತಾವ್. ಇಂಗ್ಲಿಷ್ ಮಾಡುವಾಗ ಯಾರೋ ಬಣ್ಣ ಮರೆತರು. ಒಬ್ಬ ಅನುವಾದಕನ ಅವಸರಕ್ಕೆ ನಾನು 25 ನಿಮಿಷ ದಂಡ ತೆತ್ತೆ. ಕ್ಯೂ ಬಿಟ್ಟು ಹೊರಡುವುದೂ ಸುಲಭವಲ್ಲ. ಹಿಂದಿನವರೆಲ್ಲ 'ಇವನಿಗೇನು ಗೊತ್ತಾಯಿತು?' ಅನ್ನುವ ಹಾಗೆ ನೋಡುತ್ತಾರೆ. ಕೊನೆಗೆ ಒಂದು ಪ್ಲೇಟ್ ವೈಟ್ ಕಟ್ಟಿಸಿಕೊಂಡು ಅಳಿಯನಿಗೆ ಕೊಟ್ಟೆ. "ಮಾವ, ನಿಮಗೆ ಹೇಗೆ ಗೊತ್ತಾಯ್ತು ನನಗೆ ಇದು ಇಷ್ಟ ಅಂತ?" ಅಂದ. ನಾನೂ ಬಿಟ್ಟುಕೊಡಲಿಲ್ಲ.

ಆ ಊರಿನಲ್ಲಿ ಕಿಯಾಸು ಅಂತ ಒಂದು ಮಾತಿದೆ. ಎಲ್ಲಿ ನನ್ನದು ತಪ್ಪಿ ಹೋಗುತ್ತೋ ಅನ್ನುವ ಭಯ. ಕ್ಯೂ ಕಂಡರೆ ಮೊದಲು ನಿಲ್ಲು, ಏನು ಕೊಡ್ತಾರೆ ಅಂತ ಆಮೇಲೆ ಕೇಳು ಅಂತ ಅವರನ್ನು ಅವರೇ ಗೇಲಿ ಮಾಡಿಕೊಳ್ಳುತ್ತಾರೆ. ರೇಷನ್ ಅಂಗಡಿ, ಸೀಮೆಎಣ್ಣೆ ನೋಡಿದ ನನ್ನ ವಯಸ್ಸಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವ್ಯತ್ಯಾಸ ಒಂದೇ. ನಮ್ಮದು ಇಲ್ಲದ್ದಕ್ಕೆ ಕ್ಯೂ. ಅಲ್ಲಿ ಪಕ್ಕದಲ್ಲೇ ಹತ್ತು ಅಂಗಡಿ ಖಾಲಿ ಇದ್ದರೂ ಒಂದೇ ಅಂಗಡಿಗೆ ಕ್ಯೂ.

ಮೊಮ್ಮಗಳ ಲೆಕ್ಕ ಸುಲಭ. "ಉದ್ದ ಕ್ಯೂ ಅಂದ್ರೆ ಒಳ್ಳೇ ಅಂಗಡಿ, ಅಜ್ಜ." 2016ರಲ್ಲಿ ಇಂಥ ಎರಡು ಅಂಗಡಿಗಳಿಗೆ ಮಿಶೆಲಿನ್ ಸ್ಟಾರ್, ಅಂದರೆ ದೊಡ್ಡ ದೊಡ್ಡ ಹೋಟೆಲುಗಳು ಹಂಬಲಿಸುವ ಮನ್ನಣೆ, ಬಂತಂತೆ. ಅದರಲ್ಲಿ ಒಂದರಲ್ಲಿ ಸೋಯಾ ಸಾಸಿನ ಕೋಳಿ-ಅನ್ನಕ್ಕೆ ಆಗ ಎರಡೇ ಡಾಲರಿನಷ್ಟು. ಮರುದಿನದಿಂದ ಗಂಟೆಗಟ್ಟಲೆ ಕ್ಯೂ. ಕೋಳಿ ನಿನ್ನೆಯದೇ, ಕೈ ನಿನ್ನೆಯದೇ. ಬಾಲ ಮಾತ್ರ ಬೆಳೆದಿತ್ತು.

ಕ್ಯಾಷಿಯರನ ಲೆಕ್ಕ ಬೇರೆ. ನಾನು ಬಾಲ ನೋಡುವುದಿಲ್ಲ, ತಲೆ ನೋಡುತ್ತೇನೆ. ಬಿರಿಯಾನಿಗೆ ನಲವತ್ತು ಜನ ಇದ್ದರೂ ಹೆದರಬೇಕಾಗಿಲ್ಲ. ಅದು ಬೆಳಗ್ಗೆಯೇ ಹಂಡೆಯಲ್ಲಿ ತಯಾರು. ಬಡಿಸುವುದಷ್ಟೇ. ಅದು ನಮ್ಮ ವಿತ್‌ಡ್ರಾವಲ್ ಕೌಂಟರಿನ ಹಾಗೆ, ಸರಸರ ಕರಗುತ್ತದೆ. ಅದೇ ಹುರಿದು ಕೊಡುವ ಅಂಗಡಿಯಲ್ಲಿ ನಾಲ್ಕೇ ಜನ ಇದ್ದರೂ ಕೈ ಮುಗಿಯಬೇಕು. ಒಂದು ಬಾಣಲೆ, ಒಂದು ಸಲಕ್ಕೆ ಒಂದೇ ಪ್ಲೇಟ್. ಅದರ ಮೇಲೆ ಮುಂದೆ ನಿಂತವನು ಆಫೀಸಿನವರಿಗೆಲ್ಲ ತಾಪಾವ್, ಅಂದರೆ ಪಾರ್ಸಲ್, ಒಯ್ಯಲು ಬಂದವನಾದರೆ ಮುಗಿಯಿತು. ಒಬ್ಬನೇ ಮನುಷ್ಯ, ಎಂಟು ಪೊಟ್ಟಣ. ಬ್ಯಾಂಕಿನಲ್ಲೂ ಇಂಥವರಿದ್ದರು. ಒಬ್ಬನೇ ಬಂದು ಅಂಗಡಿ ಬೀದಿಯ ಎಲ್ಲರ ಹಣ ಕಟ್ಟುವವನು. ಕ್ಯೂವಿನಲ್ಲಿ ತಲೆ ಎಣಿಸಬಾರದು, ಚೀಲ ನೋಡಬೇಕು.

ನನ್ನ ಪಾಲಿನ ನಿಜವಾದ ಸುಖ ಸಿಕ್ಕಿದ್ದು ಕಾಫಿಯ ಕ್ಯೂವಿನಲ್ಲಿ. ಅಲ್ಲಿ ಕಾಫಿಗೆ ಕೋಪಿ ಅನ್ನುತ್ತಾರೆ. "ಹೋಗಿ, ಕೋಪಿಯ ಕೋಪ ಶಾಂತ ಆಗಲಿ" ಅಂತ ನಮ್ಮನೆಯವಳು ದಿನಾ ಕಳಿಸುತ್ತಿದ್ದಳು. ಬೀಜವನ್ನು ಸಕ್ಕರೆ, ಬೆಣ್ಣೆ ಹಾಕಿ ಕಪ್ಪಗೆ ಹುರಿಯುತ್ತಾರೆ. ಡಿಕಾಕ್ಷನ್ ಇಳಿಸುವುದು ಕಾಲುಚೀಲದಷ್ಟು ಉದ್ದದ ಬಟ್ಟೆಯ ಸೋಸಣಿಗೆಯಲ್ಲಿ. ನಮ್ಮ ಅಜ್ಜಿ ಸೋಸುತ್ತಿದ್ದುದೂ ಬಟ್ಟೆಯಲ್ಲೇ. ಆದರೆ ಅಜ್ಜಿಗೆ ಒಂದೇ ಬಗೆ ಗೊತ್ತಿತ್ತು. ಇಲ್ಲಿ ಕೋಪಿ ಅಂತ ಮಾತ್ರ ಅಂದರೆ ಡಬ್ಬಿಯ ಗಟ್ಟಿ ಸಿಹಿ ಹಾಲು. ಕೋಪಿ-ಓ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ಕೋಪಿ-ಸಿ ಅಂದರೆ ಸಿಹಿ ಇಲ್ಲದ ಡಬ್ಬಿ ಹಾಲು, ಸಕ್ಕರೆ. ಕೊಸೊಂಗ್ ಸೇರಿಸಿದರೆ ಸಕ್ಕರೆ ಬೇಡ. ಸಿಯು ದಾಯ್ ಅಂದರೆ ಸಿಹಿ ಕಮ್ಮಿ. ಗಾವ್ ಅಂದರೆ ಸ್ಟ್ರಾಂಗ್. ಒಂದು ಲೋಟ ಕಾಫಿ ಕೇಳಲು ಹೊಕ್ಕಿಯೆನ್, ಮಲಯ, ಕ್ಯಾಂಟನೀಸ್ ಎಲ್ಲ ಬೇಕು.

ಸಕ್ಕರೆ ಕಾಯಿಲೆಯವನಾದ ನನಗೆ ಬೇಕಾದ್ದು ಕೋಪಿ-ಸಿ ಕೊಸೊಂಗ್ ಗಾವ್. ಕ್ಯೂವಿನಲ್ಲಿ ನಿಂತು ಇದನ್ನು ಗಾಯತ್ರಿಯ ಹಾಗೆ ಜಪ ಮಾಡುತ್ತಿದ್ದೆ. ಮೂರನೇ ದಿನ ಒಂದೇ ಉಸಿರಿಗೆ ಹೇಳಿದೆ. ಕಾಫಿ ಅಂಕಲ್ ತಲೆಯೆತ್ತಲಿಲ್ಲ, ಮತ್ತೆ ಕೇಳಲಿಲ್ಲ, ಒಳಗೆ ಕೂಗಿ ಹೇಳಿದರು. ಆ ಕೂಗಿನಲ್ಲಿ ನನ್ನ ಕಾಫಿ ಇತ್ತು. 31 ವರ್ಷದಲ್ಲಿ ನನಗೆ ಸಿಕ್ಕ ಯಾವ ಪ್ರಮೋಷನ್ನಿಗೂ ಅಷ್ಟು ಖುಷಿಯಾಗಿರಲಿಲ್ಲ. ಕುಡಿದಾದ ಮೇಲೆ ಟ್ರೇಯನ್ನು ನಾವೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಅದು ನಿಯಮ. ಮೊದಲ ಸಲ ಎಚ್ಚರಿಕೆ, ಎರಡನೇ ಸಲಕ್ಕೆ 300 ಡಾಲರ್. ನಮ್ಮನೆಯವಳು ಇಡೀ ಮೇಜನ್ನೇ ಒರೆಸಿ ಬರುತ್ತಿದ್ದಳು.

ಈಗ ಬಾಣಲೆಯ ವಿಷಯಕ್ಕೆ ಬರುತ್ತೇನೆ. ಅಳಿಯನಿಗೆ ಎಲ್ಲಕ್ಕಿಂತ ಇಷ್ಟ ಚಾರ್ ಕ್ವೇ ಟಿಯಾವ್. ಅಗಲವಾದ ಅಕ್ಕಿ ಶಾವಿಗೆ, ಮೊಳಕೆ ಕಾಳು, ಮೊಟ್ಟೆ, ಸಾಸೇಜು, ಕಪ್ಪು ಸೋಯಾ ಸಾಸ್. ಜೊತೆಗೆ ಒಂದು ಜಾತಿಯ ಸಣ್ಣ ಚಿಪ್ಪಿನ ಹುಳು. "ನಮ್ಮೂರ ಮರುವಾಯಿ ಥರ ಮಾವ" ಅಂದಿದ್ದ. ಅಡುಗೆಯವರಿಗೆ ಎಪ್ಪತ್ತಾದರೂ ಆಗಿರಬೇಕು. ಬಿಳೀ ಬನಿಯನ್, ಹೆಗಲಿಗೆ ಟವೆಲ್ಲು, ಬಲ ಮಣಿಕಟ್ಟಿಗೆ ಸುತ್ತಿದ ಪಟ್ಟಿ. ಒಂದೊಂದೇ ಪ್ಲೇಟ್. ಎಣ್ಣೆ, ಬೆಂಕಿ ಭಗ್ ಅನ್ನುವುದು, ಎರಡು ಸಲ ಬಾಣಲೆ ಎಸೆಯುವುದು, ಸುರಿಯುವುದು. ಮತ್ತೆ ಮೊದಲಿಂದ. ಬೋರ್ಡಿನಲ್ಲಿ ಅಂಗಡಿಯ ಹೆಸರು ಏನೇ ಇರಲಿ, ಆ ಇಡೀ ಬಾಲ ನೇತಾಡುತ್ತಿದ್ದುದು ಪಟ್ಟಿ ಸುತ್ತಿದ ಆ ಒಂದು ಮಣಿಕಟ್ಟಿಗೆ. ಅಲ್ಲಿನ ಹಾಕರ್‌ಗಳಲ್ಲಿ ಅರ್ಧಕ್ಕರ್ಧ ಜನ 60ರ ಆಸುಪಾಸಿನವರು, ಇಲ್ಲವೇ ದಾಟಿದವರು. ಅವರ ಮಕ್ಕಳೆಲ್ಲ ಏಸಿ ಆಫೀಸಿನಲ್ಲಿದ್ದಾರೆ ಅಂತ ಅಳಿಯ ಹೇಳಿದ. ಅಂಥದೇ ಒಂದು ಆಫೀಸಿನಲ್ಲಿ ಅವನೂ ಇದ್ದಾನೆ. ಅವರಪ್ಪನ ಹೋಟೆಲ್ ಮುಚ್ಚಿ ಎಂಟು ವರ್ಷ.

ಮೊದಲ ಸಲ ಹೋದಾಗ ನನ್ನ ಮುಂದೆ ಮೂರು ಜನ ಇದ್ದರು, ಹಿಂದೆ ಹತ್ತು. ಇನ್ನೇನು ಅಳಿಯನಿಗೆ ಫೋನ್ ಮಾಡಬೇಕು, ಅವರು ಬಾಣಲೆಗೆ ನೀರು ಸುರಿದುಬಿಟ್ಟರು. ಚುಂಯ್ ಅಂತು. "ಫಿನಿಶ್" ಅಂದರು. ಮಧ್ಯಾಹ್ನ ಒಂದೂವರೆ. ಶಾವಿಗೆ ಮುಗಿದಿತ್ತು, ಅಷ್ಟೇ. ಯಾರೂ ಗೊಣಗಲಿಲ್ಲ. ಹದಿಮೂರು ಜನ ಹದಿಮೂರು ದಿಕ್ಕಿಗೆ ಹೋದರು. ನಾನು ಮಾತ್ರ ಅಲ್ಲೇ ನಿಂತಿದ್ದೆ. ಎರಡು ಗಂಟೆಗೆ 'ಕೌಂಟರ್ ಮುಚ್ಚಿದೆ' ಹಲಗೆ ಇಟ್ಟಾಗ ಎದುರಿನ ಮುಖ ಹೇಗಾಗುತ್ತಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. "ಸಾರ್, ಒಂದೇ ಒಂದು ಸಾರ್, ರಿಪ್ಪನ್‌ಪೇಟೆಯಿಂದ ಬಂದಿದೀನಿ." ಅವತ್ತು ನನ್ನ ಮುಖವೂ ಹಾಗೇ ಇದ್ದಿರಬೇಕು. ಅದೂ ನಾನು ತಿನ್ನದ ತಿಂಡಿಗೆ!

ಹೊರಡುವ ಮುಂಚಿನ ಭಾನುವಾರ ಹಟ ಹಿಡಿದು ಹನ್ನೊಂದು ಗಂಟೆಗೇ ಹೋದೆ. ಎಂಟನೆಯವನಾಗಿ ನಿಂತೆ. ಹಿಂದೆ ಬಾಲ ಬೆಳೆಯುತ್ತಾ ಹೋಯಿತು. ಮೂರು ಜನ ಉಳಿದಾಗ ಅಳಿಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡು ಜನ. ಎತ್ತಲಿಲ್ಲ. ಅವನು ಕಬ್ಬಿನ ಹಾಲಿನ ಕ್ಯೂನಲ್ಲಿದ್ದ, ಮೊಬೈಲು ಮೇಜಿನ ಮೇಲೆ ಛೋಪ್ ಕೆಲಸಕ್ಕೆ ಕೂತಿತ್ತು. ಒಬ್ಬ. ಆಮೇಲೆ ನಾನು.

ಅಜ್ಜನವರು ಬೆಂಕಿಯಿಂದ ಕಣ್ಣು ತೆಗೆಯದೆ ಕೇಳಿದರು. "ಫೋರ್ ಡಾಲರ್? ಫೈವ್?"

ನನಗೆ ಗೊತ್ತಿರಲಿಲ್ಲ.

"ಹಮ್ಮ್?" ಅಂದರು. ಯೋಚನೆ ಮಾಡ್ತಿದಾರೆ ಅಂದುಕೊಂಡೆ. ಆ ಚಿಪ್ಪಿನ ಹುಳಕ್ಕೇ ಹಮ್ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು.

"ಚಿಲ್ಲಿ?"

ಜೇಬು ತಡಕಿದೆ. ಜೇಬಿನಲ್ಲಿ ಉತ್ತರ ಎಲ್ಲಿರುತ್ತದೆ? ಅವರು ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಹೆಗಲ ಮೇಲಿಂದ ಹಿಂದಿನ ಬಾಲ ನೋಡಿದರು. ಸಟ್ಟುಗವನ್ನು ಬಾಣಲೆಯ ಅಂಚಿಗೆ ಎರಡು ಸಲ ಕುಟ್ಟಿದರು.

"ಎಲ್ಲಾ ಹಾಕಿ" ಅಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವರು ಹಾಕಿದರು.